ಅತ್ತೆಯ ಬೆಕ್ಕು, ನನ್ನ ಮೂಗು

ನನ್ನ ಎಡಗಣ್ಣು ಬಲಗಣ್ಣಿಗಿಂತ ನಾಲ್ಕು ನಿಮಿಷ ಮೊದಲು ಊದಿಕೊಳ್ಳುತ್ತಿತ್ತು. ಗಡಿಯಾರ ನೋಡಿ ಗೊತ್ತುಮಾಡಿಕೊಂಡ ಸಂಗತಿ ಇದು. ಮೊದಲು ರೆಪ್ಪೆಯ ಒಳಮೂಲೆಯಲ್ಲಿ ತುರಿಕೆ, ಆಮೇಲೆ ಅಂಗುಳಿನ ಹಿಂದೆ ಯಾರೋ ಹುಲ್ಲುಕಡ್ಡಿ ಆಡಿಸಿದ ಹಾಗೆ, ಆಮೇಲೆ ಸೀನು. ಸೀನು ಏಳಕ್ಕೆ ಕಡಿಮೆ ಬರುತ್ತಿರಲಿಲ್ಲ. ಹದಿನಾಲ್ಕನ್ನು ದಾಟಿದ್ದು ಎರಡೇ ಸಲ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಶಿರಸಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನ ಕಲಿಸಲು ಸೇರಿದ ವರ್ಷ ಅದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದರೂ ಶಾಲೆಯ ನಮೂನೆಗಳೆಲ್ಲ ಇನ್ನೂ ಮುಂಬಯಿ ಸರಕಾರದ ಕಾಲದವೇ. ನಮ್ಮ ಊರು ವಾನಳ್ಳಿಯ ಆಚೆ. ಅಲ್ಲಿಂದ ದಿನಾ ಬಂದುಹೋಗುವುದು ಆಗದ ಮಾತು. ಅಪ್ಪಯ್ಯ ಒಂದು ಷರತ್ತಿನ ಮೇಲೆ ಒಪ್ಪಿದ್ದರು: ಶಿರಸಿಯಲ್ಲಿ ಅತ್ತೆಯ ಮನೆಯಲ್ಲಿ ಇರಬೇಕು, ಬೇರೆಲ್ಲೂ ಇರಕೂಡದು. ಅತ್ತೆ ಅಪ್ಪಯ್ಯನ ಅಕ್ಕ. ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಮಕ್ಕಳಿಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಜಗಲಿ ಇರುವ ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರಿಕೊಂಡು, ಯಾರ ಮಾತಿಗೂ ಕಾಯದೆ ಇದ್ದವರು.

ಆ ಮನೆಯಲ್ಲಿ ಬೆಕ್ಕಿತ್ತು.

ಬೂದಿ ಬಣ್ಣದ, ಅಗಲ ಮುಖದ ಹೆಣ್ಣು ಬೆಕ್ಕು. ಅದಕ್ಕೆ ಹೆಸರಿರಲಿಲ್ಲ. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಅತ್ತೆ ಅದನ್ನು "ಕೂಸೇ" ಎನ್ನುತ್ತಿದ್ದರು. ನನ್ನನ್ನೂ ಹಾಗೇ ಕರೆಯುತ್ತಿದ್ದರು. "ಕೂಸೇ, ಹಾಲು ಇಟ್ಟಿದ್ದೆ ಬಾ" ಎಂದರೆ ನಾವಿಬ್ಬರೂ ಹೋಗುತ್ತಿದ್ದೆವು. ಅವಳೇ ಮೊದಲು ತಲುಪುತ್ತಿದ್ದಳು, ಏಕೆಂದರೆ ನನಗೆ ಅಡುಗೆಮನೆಯ ಹೊಸಿಲು ಸುಲಭದಲ್ಲಿ ದಾಟುವ ಹಾಗಿರಲಿಲ್ಲ.

ಅತ್ತೆಯ ಮಡಿ ಓಣಿಗೇ ಗೊತ್ತಿತ್ತು. ನಾನು ಶಾಲೆಯಿಂದ ಬಂದು ಜಗಲಿ ಹತ್ತಿದರೆ ಸಾಕು, ಒಳಗಿನಿಂದ ಕೂಗು ಬರುತ್ತಿತ್ತು. "ಒಳಗೆ ಬರಡ, ಬರಡ! ಅಲ್ಲೇ ನಿಲ್ಲು. ಶಾಲೇಲಿ ಯಾರ್ಯಾರನ್ನ ಮುಟ್ಕಂಡು ಬಂದ್ಯೋ ಎಂತೋ. ಮಿಂದ್ಕಂಡು ಬಾ." ನಾನು ನಿಂತಿರುವಾಗಲೇ ಬೆಕ್ಕು ನನ್ನ ಕಾಲ ಸಂದಿಯಿಂದ ನುಸುಳಿ, ಓಣಿಯ ಕೆಸರು ಕಾಲಲ್ಲೇ ಒಲೆಯ ಪಕ್ಕ ಹೋಗಿ ಕೂರುತ್ತಿತ್ತು. ಬೆಕ್ಕಿಗೆ ಮಡಿ ಮೈಲಿಗೆ ಇಲ್ಲ. ಅತ್ತೆಯ ಮಟ್ಟಿಗೆ ಇದು ಚರ್ಚೆಯ ವಿಷಯವೇ ಆಗಿರಲಿಲ್ಲ.

"ಅದು ಇಲಿ ತಿಂದು ಬರ್ತಲ್ಲ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಹಿಡೀತು. ತಿಂತಿಲ್ಲೆ," ಎಂದರು ಅತ್ತೆ. "ಹಾಲು ಅನ್ನದಲ್ಲಿ ಬೆಳೆದ ಜೀವ. ಏಕಾದಶಿ ದಿನ ಆನು ಅನ್ನ ಮಾಡ್ತ್ನಿಲ್ಲೆ, ಅದೂ ಕೇಳ್ತಿಲ್ಲೆ. ದಿನವಿಡೀ ಉಪಾಸ ಕೂರ್ತು. ನೀನು ಕೂರ್ತ್ಯ?"

ನಾನು ಕೂರುತ್ತಿರಲಿಲ್ಲ.

ಮೊದಲ ಎರಡು ತಿಂಗಳು ಇದು ಊರು ಬದಲಾದದ್ದರ ಶೀತ ಎಂದು ನಾನೂ ನಂಬಿದ್ದೆ. ಅತ್ತೆಯ ಪ್ರಕಾರ ಅದು ಧಾರವಾಡದ ನೀರಿನ ಫಲ. ಈಗ ಒಳಗಿದ್ದದ್ದೆಲ್ಲ ಹೊರಗೆ ಬರುತ್ತಿದೆ. ಕಾಳುಮೆಣಸಿನ ಕಷಾಯ ಆಯಿತು, ಶುಂಠಿ ಆಯಿತು, ನೆತ್ತಿಗೆ ಬಿಸಿ ಎಣ್ಣೆ ಆಯಿತು. ಯಾವುದಕ್ಕೂ ಬಗ್ಗದಿದ್ದಾಗ ಅತ್ತೆ ತಮ್ಮ ದೊಡ್ಡ ಕೌದಿಯನ್ನು ತಂದು ನನಗೆ ಹೊದಿಸಿದರು. ಆ ಕೌದಿ ಹಗಲೆಲ್ಲ ಬೆಕ್ಕಿನ ಹಾಸಿಗೆ. ಅಷ್ಟಾದರೂ ನಾನು ಸೀನಿದ್ದನ್ನು ಕಂಡು, ಪಾದ ಬೆಚ್ಚಗಿರಲಿ ಎಂದು ಬೆಕ್ಕನ್ನೇ ಎತ್ತಿ ತಂದು ನನ್ನ ಕಾಲ ಮೇಲೆ ಮಲಗಿಸಿದರು. ಸೀನು ಹೆಚ್ಚಿದಷ್ಟೂ ಅತ್ತೆಯ ಅಂತಃಕರಣ ಹೆಚ್ಚುತ್ತಿತ್ತು, ಅಂತಃಕರಣ ಹೆಚ್ಚಿದಷ್ಟೂ ಬೆಕ್ಕು ಮೇಲಕ್ಕೆ ಸರಿಯುತ್ತಿತ್ತು. ಹದಿನಾಲ್ಕು ದಾಟಿದ ಎರಡೂ ಸಲ ಅದು ನನ್ನ ಎದೆಯ ಮೇಲಿತ್ತು.

ನಾನು ಒಂದು ಇನ್ನೂರು ಪುಟದ ವಹಿ ತೆಗೆದು ಬರೆದಿಡತೊಡಗಿದೆ: ಹೊತ್ತು, ಸ್ಥಳ, ಸೀನಿನ ಸಂಖ್ಯೆ. ಶಾಲೆಯಲ್ಲಿ ಬೆಳಗಿನ ಮೊದಲ ತಾಸು ಹೆಚ್ಚು, ಮಧ್ಯಾಹ್ನದ ಮೇಲೆ ಕಡಿಮೆ. ಮನೆಗೆ ಬಂದ ಕಾಲು ತಾಸಿಗೆ ಮತ್ತೆ ಶುರು. ಸ್ನಾನ ಮಾಡಿ, ಅತ್ತೆಯ ಮಡಿ ಗಳದ ಮೇಲೆ ಒಣಗಿದ ಸೀರೆ ಉಟ್ಟ ದಿನ ಒಂದು ತಾಸು ಪೂರ್ತಿ ಬಿಡುವು. ಆ ಬಿದಿರಿನ ಗಳ ಮಾಡಿನ ಹತ್ತಿರ ಕಟ್ಟಿದ್ದು. ಕೋಲಿನಿಂದಲೇ ಬಟ್ಟೆ ಹಾಕಿ ಕೋಲಿನಿಂದಲೇ ತೆಗೆಯಬೇಕು. ಬೆಕ್ಕು ಹತ್ತಲಾಗದ ಜಾಗ ಅದೊಂದೇ. ನಾನು ನನ್ನ ಶಾಲೆಯ ಸೀರೆಗಳನ್ನೂ ಅಲ್ಲೇ ಒಣಹಾಕಲೇ ಎಂದು ಕೇಳಿದೆ. ಅತ್ತೆಗೆ ಕಣ್ಣಲ್ಲಿ ನೀರೇ ಬಂತು. "ಇಷ್ಟೆಲ್ಲ ಓದಿದ್ರೂ ಬುದ್ಧಿ ಇದ್ದು ನಿಂಗೆ," ಎಂದರು; ಪಕ್ಕದ ಮನೆಯವರಿಗೆಲ್ಲ ಅದನ್ನೇ ಹೇಳಿದರು. ನಾನು ತಿದ್ದಲಿಲ್ಲ.

ಶಾಲೆಯಲ್ಲಿ ಇದಕ್ಕೆ ಬೇರೆಯೇ ಅರ್ಥ ಹುಟ್ಟಿತ್ತು. ಏಳನೆಯ ತರಗತಿಯ ಹುಡುಗಿಯರು ನನ್ನ ಕೆಂಪು ಕಣ್ಣು ನೋಡಿ, ಅಕ್ಕೋರು ಮನೆಯಲ್ಲಿ ಅತ್ತು ಬರುತ್ತಾರೆ, ಧಾರವಾಡದಲ್ಲಿ ಯಾರನ್ನೋ ಬಿಟ್ಟು ಬಂದಿದ್ದಾರೆ ಎಂದು ತೀರ್ಮಾನಿಸಿದ್ದರು. ಕರುಣೆಯಿಂದ ಎಲ್ಲರೂ ಮನೆಪಾಠ ಸರಿಯಾಗಿ ಮಾಡಿಕೊಂಡು ಬರತೊಡಗಿದರು. ಅಲ್ಲಿಗೆ ನಿಂತಿದ್ದರೆ ನನಗೆ ಅಡ್ಡಿಯಿರಲಿಲ್ಲ. ಆದರೆ ಪಾಲಕರಿಗೆ ಪ್ರೇಮಕ್ಕಿಂತ ಕ್ಷಯದ ಭಯ ದೊಡ್ಡದು. ಡಿಸೆಂಬರಿನಲ್ಲಿ ಮುಖ್ಯಾಧ್ಯಾಪಿಕೆಯವರು ಕರೆಸಿದರು. ಅವರು ಕುಮಟೆಯ ಕಡೆಯವರು, ಮಾತು ಮೆದು.

"ನಿಮ್ಮ ಆರು ತಿಂಗಳು ಮುಗೀತಾ ಬಂತು. ಕಾಯಂ ಮಾಡ್ಲಿಕ್ಕೆ ನನಗೇನೂ ಅಡ್ಡಿ ಇಲ್ಲ. ಆದ್ರೆ ಸಮಿತಿಯ ಹಿರಿಯರಿಗೆ ಯಾರೋ ಹೇಳಿದ್ದಾರೆ, ಎದೆ ಖಾಯಿಲೆ ಇದ್ದವರನ್ನ ಮಕ್ಕಳ ಮಧ್ಯೆ ಬಿಟ್ಟಿದ್ದಾರೆ ಅಂತ. ಮುಂದಿನ ಸೋಮವಾರ ಅವರೇ ಬಂದು ನಿಮ್ಮ ತರಗತಿಯಲ್ಲಿ ಕೂರ್ತಾರೆ. ವೈದ್ಯರ ಕಾಗದ ತನ್ನಿ. ಕಾಗದ ಒಂದೇ ಸಾಲದು, ಆ ನಲವತ್ತು ನಿಮಿಷ..." ಅವರು ತಮ್ಮ ಮೂಗು ಮುಟ್ಟಿಕೊಂಡರು.

ನನಗೆ ಅರ್ಥವಾಯಿತು. ಕೆಲಸ ಹೋದರೆ ಶಿರಸಿ ಹೋಗುತ್ತದೆ. ವಾನಳ್ಳಿಯ ಬಸ್ಸು ಹತ್ತಿ ಊರಿಗೆ ಹೋದವಳು ಮತ್ತೆ ಇಳಿಯುವುದು ಗಂಡನ ಮನೆಯಲ್ಲಿಯೇ. ನನಗೆ ಆ ಕಪ್ಪುಹಲಗೆ, ಆ ಗಾಜಿನ ನಳಿಗೆಗಳು, ಸಂಬಳಕ್ಕಿಂತ ಹೆಚ್ಚಾಗಿ ಬಾಗಿಲು ಹಾಕಿಕೊಂಡು ಓದಬಹುದಾದ ಆ ಒಂದು ಕೋಣೆ ಬೇಕಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಡಾಕ್ಟರು ಧಾರವಾಡದ ಕಡೆಯವರು. ಎದೆ, ಬೆನ್ನು, ಗಂಟಲು ನೋಡಿ ಏನೂ ಇಲ್ಲ ಎಂದರು. ನಾನು ವಹಿಯನ್ನು ಮುಂದಿಟ್ಟೆ. ನಾಲ್ಕು ಪುಟ ಓದಿ ಕನ್ನಡಕ ತೆಗೆದರು.

"ಮನಿಯಾಗ ಬೆಕ್ಕು ಅದ ಏನ್ರಿ?"

"ಇದೆ."

"ಎಲ್ಲಿ ಮಲಗ್ತದ?"

"ನನ್ನ ಹಾಸಿಗೆಯಲ್ಲಿ."

"ಅಲ್ರಿ, ವಿಜ್ಞಾನ ಕಲಸ್ತೀನಿ ಅಂದ್ರೆಲ್ಲ?"

ಆ ರೋಗಕ್ಕೆ ಅಲರ್ಜಿ ಎಂದು ಹೆಸರಿದೆ ಎಂದು ಆ ದಿನ ತಿಳಿಯಿತು. ಒಂದು ಗುಳಿಗೆ ಕೊಟ್ಟರು. ಅದನ್ನು ತೆಗೆದುಕೊಂಡ ದಿನ ನಾನು ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತ ಕುರ್ಚಿಯಲ್ಲೇ ನಿದ್ದೆ ಹೋದೆ, ಹುಡುಗಿಯರು ಗದ್ದಲ ಮಾಡದೆ ಎಲ್ಲ ಉತ್ತರಗಳನ್ನೂ ಪರಸ್ಪರ ಹಂಚಿಕೊಂಡರು. ಗುಳಿಗೆ ಸೋಮವಾರಕ್ಕೆ ಆಗುವ ಮಾತಲ್ಲ. ಕಾಗದವನ್ನೇನೋ ಬರೆದುಕೊಟ್ಟರು. ಆ ನಮೂನೆಯಲ್ಲಿ ಅಂಟುರೋಗ ಇದೆ, ಇಲ್ಲ ಎಂದು ಎರಡೇ ಚೌಕಗಳಿದ್ದವು, ಬೆಕ್ಕಿಗೆ ಜಾಗವಿರಲಿಲ್ಲ. ಅದಕ್ಕಾಗಿ ಬೇರೆ ಚೀಟಿಯಲ್ಲಿ ಬರೆದರು: ಹಾಸಿಗೆ ಹೊದಿಕೆ ಕುದಿಯುವ ನೀರಲ್ಲಿ ತೊಳೆಯಬೇಕು, ಬಟ್ಟೆಬರೆ ಎಲ್ಲ ತೊಳೆಯಬೇಕು, ನೆಲ ಗೋಡೆ ಒರೆಸಬೇಕು, ಬೆಕ್ಕು ಮನೆಯ ಹೊರಗಿರಬೇಕು.

ಚೀಟಿಯನ್ನು ಅತ್ತೆಗೆ ಓದಿ ಹೇಳಿದೆ.

"ಅದು ಎಂತ ಮಾಡ್ತು ಪಾಪ? ಮೂಲೇಲಿ ಮಲಗಿರ್ತು. ಅದ್ರ ಬಾಲ ನಿನ್ನ ಮೂಗಿಗೆ ತಾಗ್ತಾ?"

"ಕೂದಲು ಗಾಳೀಲಿ ಇರ್ತು ಅತ್ತೆ, ಕಣ್ಣಿಗೆ ಕಾಣ್ತಿಲ್ಲೆ."

"ಕಣ್ಣಿಗೆ ಕಾಣದ್ದು ಡಾಕ್ಟ್ರಿಗೆ ಹ್ಯಾಂಗೆ ಕಂಡ್ತು? ಅವ್ರ ಮನೇಲಿ ಬೆಕ್ಕು ಇದ್ದಾ? ಇಲ್ಲೆ. ಹಾಂಗಾದ್ರೆ ಅವ್ರಿಗೆ ಎಂತ ಗೊತ್ತಿದ್ದು?" ಕುದಿಯುವ ನೀರಿನ ಮಾತಿಗೆ, "ಚಳೀಲಿ ಅಷ್ಟೆಲ್ಲ ಕೌದಿ ತೊಳದ್ರೆ ಒಣಗ್ತಿಲ್ಲೆ," ಎಂದು ಮುಗಿಸಿಬಿಟ್ಟರು.

ಇನ್ನೊಂದು ಸಂಗತಿ ನನಗೆ ಗೊತ್ತಿತ್ತು, ಅದನ್ನು ಅತ್ತೆಗೆ ಹೇಳಿರಲಿಲ್ಲ. ಹಿತ್ತಿಲ ಬೇಲಿಯ ಆಚೆ ಒಂದು ಮುಸಲ್ಮಾನರ ಮನೆ. ಗಂಡ ಕುಮಟೆ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದರು, ಘಟ್ಟ ಹತ್ತಿ ಬರುವಾಗ ಬಂಗಡೆ ಮೀನು ತರುತ್ತಿದ್ದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಅವಳ ವಹಿ ಕೊಡಲು ಒಂದು ಏಕಾದಶಿಯ ದಿನ ಆ ಮನೆಯ ಹಿಂಬದಿಗೆ ಹೋದಾಗ, ನಮ್ಮ ಬೆಕ್ಕು ಅಲ್ಲಿ ತನ್ನದೇ ಒಂದು ತೆಂಗಿನ ಚಿಪ್ಪಿನ ಮುಂದೆ ಕೂತು ಉಪವಾಸ ಮುರಿಯುತ್ತಿತ್ತು. ಕಣ್ಣು ಮುಚ್ಚಿತ್ತು. ಮೀನಿನ ಮುಳ್ಳನ್ನು ಎಷ್ಟು ಚೊಕ್ಕವಾಗಿ ಬಿಡಿಸುತ್ತಿತ್ತೆಂದರೆ ಅದು ಆ ದಿನ ಕಲಿತದ್ದಲ್ಲ ಎನ್ನುವುದು ಸ್ಪಷ್ಟವಾಗಿತ್ತು.

ಆ ಮನೆಯ ಬೀಬಿ ಸೆರಗಿನಿಂದ ಚಿಪ್ಪನ್ನು ಮರೆಮಾಡಲು ನೋಡಿದರು. "ಅಮ್ಮನಿಗೆ ಹೇಳಬೇಡ್ರಿ ಅಕ್ಕೋರೇ. ನಾವು ಕರೆಯೋದಿಲ್ಲ, ಅದೇ ಬರ್ತದೆ. ಬಂದು ಮುಖ ನೋಡ್ತಾ ಕೂತ್ರೆ ಹ್ಯಾಗೆ ಇಲ್ಲ ಅನ್ನೋದು?"

"ಯಾವಾಗಿಂದ ಬರ್ತದೆ?"

"ಮರಿ ಇದ್ದಾಗಿಂದ," ಎಂದು ನಕ್ಕರು. "ಅಮ್ಮ ಬೇಲಿ ಹತ್ರ ನಿಂತು ಹೇಳ್ತಾರೆ, ನನ್ನ ಬೆಕ್ಕು ಬರೀ ಹಾಲು ಅನ್ನ ತಿಂದು ಹ್ಯಾಗೆ ದುಂಡಗಾಗಿದೆ ನೋಡು ಬೀಬೀ ಅಂತ. ನಾನು ಏನಂತೀನಿ? ದೃಷ್ಟಿ ತೆಗೀರಿ ಅಮ್ಮಾ ಅಂತೀನಿ."

ಶನಿವಾರ ಅಪ್ಪಯ್ಯ ಬಂದರು. ನನಗೆ ಹುಷಾರಿಲ್ಲ ಎಂದು ಅತ್ತೆಯೇ ಯಾರ ಕೈಯಲ್ಲೋ ಹೇಳಿಕಳಿಸಿದ್ದರಂತೆ. ನನ್ನ ಮುಖ ನೋಡಿ ಅವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ನಾನು ಎಲ್ಲ ಹೇಳಿದೆ: ಸಮಿತಿ, ಸೋಮವಾರ, ಡಾಕ್ಟರ ಚೀಟಿ.

"ಬೆಕ್ಕಾ? ಅದ್ಕೆಂತ ಆತು," ಎಂದರು ಅಪ್ಪಯ್ಯ. ಬಗೆಹರಿಸುವುದಕ್ಕೆ ಒಂದು ಸಂಗತಿ ಸಿಕ್ಕಿತಲ್ಲ ಎಂದು ಅವರ ಮುಖ ಬೆಳಗಿತು. "ಒಂದು ಗೋಣಿಚೀಲ ಕೊಡು ಅಕ್ಕಾ. ನಾಳೆ ಬೆಳಗಿನ ಬಸ್ಸಿಗೆ ಕಾನಸೂರು ದಾಟಿ ಬಿಟ್ಟಿಕ್ಕೆ ಬರ್ತೆ. ಚೀಲ ಮೂರು ಸುತ್ತು ತಿರುಗಿಸಿ ಬಿಟ್ರೆ ದಿಕ್ಕು ತಪ್ತು, ತಿರುಗಿ ಬರ್ತಿಲ್ಲೆ."

ಅತ್ತೆ ಅಟ್ಟಕ್ಕೆ ಹೋಗಿ ಗೋಣಿಚೀಲ ತಂದರು. ಕೊಡವಿದರು. ಎರಡನೆಯ ಸಲವೂ ಕೊಡವಿದರು. ಆಮೇಲೆ ಅದರಲ್ಲಿ ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಒಂದು ಸಣ್ಣ ತೂತು ಸಿಕ್ಕಿದ್ದಕ್ಕೆ ಸೂಜಿ ದಾರ ತಂದು ಹೊಲಿಯಲು ಕೂತರು. ಬೆಕ್ಕು ಬಂದು ಆ ಚೀಲದ ಮೇಲೆಯೇ ಮಲಗಿತು. ಅತ್ತೆ ಅದನ್ನು ಏಳಿಸದೆ ಸುತ್ತಲೂ ಹೊಲಿದರು.

"ಬೇಡ ಅಪ್ಪಯ್ಯ," ಎಂದೆ ನಾನು. "ಬಿಡದು ಬೇಡ."

"ಮತ್ತೆ ನಿನ್ನ ಕೆಲಸ?"

"ನೋಡ್ತೆ."

"ಎಂತ ನೋಡದು?" ಎಂದರು ಅಪ್ಪಯ್ಯ. "ಸೋಮವಾರ ಅವು ಎಂತ ಹೇಳ್ತ ನೋಡನ. ಆಗ್ತಿಲ್ಲೆ ಹೇಳಿದ್ರೆ ಮಧ್ಯಾಹ್ನದ ಬಸ್ಸಿಗೇ ಹೊರಡದು. ಪೆಟ್ಟಿಗೆ ಕಟ್ಟಿ ಇಟ್ಟಿರು."

ನಾನು ಪೆಟ್ಟಿಗೆ ಕಟ್ಟಿದೆ. ಹನ್ನೊಂದು ಸೀನು.

ಭಾನುವಾರ ಮಧ್ಯಾಹ್ನ ಅಪ್ಪಯ್ಯ ಅಡುಗೆಮನೆಯಲ್ಲಿ ಮಣೆಯ ಮೇಲೆ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು. ನಾನು ಅತ್ತೆಯ ಜೊತೆಗೆ ಆಮೇಲೆ ಉಣ್ಣುವವಳಾದ್ದರಿಂದ ಹಿತ್ತಿಲ ಬಾಗಿಲ ಹತ್ತಿರದ ಕಿಟಕಿಯಲ್ಲಿ ಗಾಳಿಗೆ ನಿಂತಿದ್ದೆ. ಊಟದ ಹೊತ್ತಿಗೆ ಕಾಗೆ ನುಗ್ಗಬಾರದೆಂದು ಅತ್ತೆ ಆ ಬಾಗಿಲಿಗೆ ಚಿಲಕ ಹಾಕುವುದು ಪದ್ಧತಿ.

ಬೀಬಿಯ ಮನೆಗೆ ಆ ದಿನ ನೆಂಟರು ಬಂದಿದ್ದರು. ಹಿಂಬದಿಯಲ್ಲಿ ಏಳೆಂಟು ಮಕ್ಕಳು ಕಿರುಚುತ್ತ ಓಡಾಡುತ್ತಿದ್ದವು. ನಮ್ಮ ಬೆಕ್ಕಿಗೆ ಊಟದ ಹೊತ್ತಿಗೆ ಗಲಾಟೆ ಸೇರುತ್ತಿರಲಿಲ್ಲ. ಆ ಸ್ವಭಾವ ಅದಕ್ಕೆ ಅತ್ತೆಯಿಂದಲೇ ಬಂದಿರಬೇಕು. ಅದು ಬೇಲಿಯ ಕೆಳಗಿನಿಂದ ನುಸುಳಿ ಬಂದಿತು. ಬಾಯಲ್ಲಿ ಏನೋ ಇತ್ತು. ಹಿತ್ತಿಲನ್ನು ಅವಸರವಿಲ್ಲದೆ ದಾಟಿ, ಬಾಗಿಲ ಹೊರಗೆ ಕೂತು, ಮುಂಗಾಲಿನಿಂದ ಹಲಗೆಯನ್ನು ಕೆರೆಯಿತು. ಕಿಟಕಿಯಿಂದ ನನಗೆ ಸರಿಯಾಗಿ ಕಾಣಿಸಿತು. ಬಂಗಡೆಯ ತಲೆ. ಮಸಾಲೆ ಹಚ್ಚಿ ಬೇಯಿಸಿದ್ದು.

ಶ್ ಎಂದಿದ್ದರೆ ಸಾಕಿತ್ತು, ಅದು ಹೋಗಿ ಹಿತ್ತಿಲಲ್ಲೆಲ್ಲೋ ತಿಂದು ಮುಖ ತೊಳೆದು ಬರುತ್ತಿತ್ತು. ನಾನು ಶ್ ಎನ್ನಲಿಲ್ಲ. ಬೆಕ್ಕನ್ನು ನಾನು ಹೊರಗೆ ಹಾಕಿದರೆ ಅತ್ತೆಗೆ ನೋವು; ಅತ್ತೆಯ ಮಡಿಯೇ ಅದನ್ನು ಹೊರಗೆ ಹಾಕಿದರೆ ನನ್ನ ಮೇಲೆ ಏನೂ ಇಲ್ಲ. ಇಷ್ಟನ್ನು ಯೋಚಿಸುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಲಿಲ್ಲ, ಬಹಳ ಹೊತ್ತು ಹಿಡಿದಿರಲಿಕ್ಕಿಲ್ಲ. ಕೈ ತನ್ನಷ್ಟಕ್ಕೆ ಹೋಯಿತೆಂದು ಬರೆಯಬಹುದು, ಆದರೆ ಹಾಗಲ್ಲ. ಸದ್ದಾಗದ ಹಾಗೆ ಚಿಲಕ ಎತ್ತಿ, ಬಾಗಿಲನ್ನು ನಾಲ್ಕು ಬೆರಳಿನಷ್ಟು ಸರಿಸಿ, ಮತ್ತೆ ಕಿಟಕಿಯ ಹತ್ತಿರ ಬಂದು ನಿಂತೆ.

ಬೆಕ್ಕು ನೇರವಾಗಿ ಅಡುಗೆಮನೆಗೆ ಹೋಯಿತು. ಅದಕ್ಕೆ ತಡೆಯೇನು? ಅಪ್ಪಯ್ಯನ ಎಲೆಯಿಂದ ಒಂದು ಮಾರು ದೂರದಲ್ಲಿ ಮೀನಿನ ತಲೆಯನ್ನು ನೆಲಕ್ಕಿಟ್ಟು, ತಾನೂ ಊಟಕ್ಕೆ ಕೂತಿತು.

ಅಪ್ಪಯ್ಯ ತುತ್ತನ್ನು ಬಾಯ ಹತ್ತಿರ ಹಿಡಿದೇ ಕೇಳಿದರು. "ಅಕ್ಕಾ, ಅದು ಎಂತದು?"

ಅತ್ತೆ ಸಾರಿನ ಸೌಟು ಹಿಡಿದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಗೆಣಸಿನ ತುಂಡು ಕಾಣ್ತು," ಎಂದರು.

"ಗೆಣಸಿಗೆ ಕಣ್ಣು ಇರ್ತಾ ಅಕ್ಕಾ?"

ಅಪ್ಪಯ್ಯ ಅರ್ಧ ಉಂಡ ಎಲೆಯ ಮುಂದಿನಿಂದ ಎದ್ದು, ಯಾವುದನ್ನೂ ಮುಟ್ಟದೆ, ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆದು ಬಾವಿಗೆ ಹೋದರು. ಕೊಡ ಕೊಡ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಬೆಕ್ಕು ಉಣ್ಣುತ್ತಲೇ ಇತ್ತು. ಅತ್ತೆ ಇಕ್ಕಳ ತಂದು ಆ ತಲೆಯನ್ನು ಹಿಡಿದೆತ್ತಿ, ಕೈಯನ್ನು ಉದ್ದಕ್ಕೆ ಚಾಚಿ, ಹಿತ್ತಿಲ ಬೇಲಿಯ ಆಚೆಗೆ ಎಸೆದರು. ಇಕ್ಕಳವನ್ನೂ ಎಸೆದರು.

"ಇಲಿ ಆಗಿದ್ರೆ ಬೇರೆ ಮಾತು," ಎಂದರು, ಯಾರಿಗೂ ಅಲ್ಲ. "ಇದು ಬೇಯಿಸಿದ್ದು. ಒಗ್ಗರಣೆ ಹಾಕಿದ್ದು."

ಆಮೇಲೆ ಶುರುವಾದದ್ದನ್ನು ನಾನು ಈಗಲೂ ಒಂದು ಬಗೆಯ ಗೌರವದಿಂದ ನೆನೆಯುತ್ತೇನೆ. ಸ್ನಾನದ ಹಂಡೆಗೆ ಒಲೆ ಹೊತ್ತಿತು. ನೀರು ಕುದಿಯಿತು. ಅಂಟುವಾಳಕಾಯಿ ಬಿತ್ತು. ಬೆಕ್ಕು ಕಾಲಿಟ್ಟಿರಬಹುದಾದದ್ದೆಲ್ಲ ಮೈಲಿಗೆ ಎಂದ ಮೇಲೆ ಮನೆಯಲ್ಲಿ ಉಳಿಯುವುದೇನು? ಕೌದಿ, ಕಂಬಳಿ, ಚಾಪೆ, ತಲೆದಿಂಬಿನ ಚೀಲ, ನಾನು ಕಟ್ಟಿಟ್ಟಿದ್ದ ಪೆಟ್ಟಿಗೆಯ ಸೀರೆಗಳು, ಕಿಟಕಿಯ ಪರದೆ, ದೇವರ ಮುಂದಿನ ಮಣೆ. ಅಪ್ಪಯ್ಯ ಪಂಚೆ ಮೇಲೆ ಕಟ್ಟಿ ನೀರು ಸೇದಿದರು. ನಾನು ಒಗೆದೆ. ಅತ್ತೆ ಗೋಡೆಯನ್ನು ಆಳೆತ್ತರ ಒರೆಸಿ, ನೆಲಕ್ಕೆ ಸಗಣಿ ಸಾರಿಸಿ, ಒಣಗಿದ ಮೇಲೆ ಎರಡನೆಯ ಸಲ ಸಾರಿಸಿದರು. ಚಳಿಗಾಲದಲ್ಲಿ ಕೌದಿ ಒಣಗುವುದಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸಂಜೆ ಆರಕ್ಕೆ ಅವಲಕ್ಕಿ ತಿನ್ನುವಾಗ ನಾನು ಡಾಕ್ಟರ ಚೀಟಿಯನ್ನು ತೆಗೆದು ನೋಡಿದೆ. ಅದರಲ್ಲಿದ್ದದ್ದೆಲ್ಲ ಆಗಿತ್ತು. ಗೋಡೆಯನ್ನು ಅವರು ಒರೆಸಲು ಮಾತ್ರ ಹೇಳಿದ್ದರು; ಅತ್ತೆ ಗೋಮೂತ್ರವನ್ನೂ ಚಿಮುಕಿಸಿದ್ದರು.

ಅಷ್ಟು ಹೊತ್ತಿಗೆ ಬೆಕ್ಕು ಜಗಲಿಗೆ ಬಂದು ಹೊಸಿಲ ಮೇಲೆ ಕಾಲಿಟ್ಟಿತು.

"ಬರಡ," ಎಂದರು ಅತ್ತೆ.

ಬೆಕ್ಕು ಹಿಂದೆ ತಿರುಗಿ ನೋಡಿತು, ಯಾರಿಗೆ ಹೇಳುತ್ತಿದ್ದಾರೆ ಎಂದು.

"ನಿಂಗೇ ಹೇಳಿದ್ದು. ಬರಡ." ಅವರು ಬಾಗಿಲು ಹಾಕಿ ಒಳಗೆ ಹೋದರು. ನಾನು ಅವಲಕ್ಕಿಯ ಬಟ್ಟಲನ್ನು ಅಲ್ಲೇ ಇಟ್ಟೆ, ತಿನ್ನಲಾಗಲಿಲ್ಲ.

ಸೋಮವಾರ ಹನ್ನೊಂದಕ್ಕೆ ಸಮಿತಿಯ ಹಿರಿಯರು ಜರಿ ರುಮಾಲು ಸುತ್ತಿಕೊಂಡು ಬಂದು, ಮೊದಲ ಬೆಂಚಿನಲ್ಲಿ ಹುಡುಗಿಯರ ನಡುವೆ ಕೂತರು. ಪಾಠ ಗಾಳಿಯ ಒತ್ತಡ. ತುಂಬಿದ ಲೋಟದ ಬಾಯಿಗೆ ಒಂದು ಪೋಸ್ಟ್ ಕಾರ್ಡ್ ಒತ್ತಿ, ಬೋರಲು ಮಾಡಿ, ಕೈ ಬಿಟ್ಟರೆ ಕಾರ್ಡು ಬೀಳುವುದಿಲ್ಲ, ನೀರೂ ಬೀಳುವುದಿಲ್ಲ. ಹಿರಿಯರು ನನ್ನ ಮೂಗನ್ನು ಹತ್ತಿರದಿಂದ ನೋಡಲು ಎಷ್ಟು ಮುಂದೆ ಬಾಗಿದ್ದರೆಂದರೆ, ಬೋರಲಾದ ಲೋಟ ಅವರ ರುಮಾಲಿನ ಮೇಲೇ ಬಂತು. ಒಂದು ಸೀನು ಬಂದಿದ್ದರೆ ನನ್ನ ನೌಕರಿಯೂ ಅವರ ಜರಿಯೂ ಒಟ್ಟಿಗೆ ಹೋಗುತ್ತಿದ್ದವು. ಹುಡುಗಿಯರು ಉಸಿರು ಹಿಡಿದಿದ್ದರು. ನಾನು ಮೂವತ್ತರವರೆಗೆ ಎಣಿಸಿದೆ. ಒಂದು ತೊಟ್ಟೂ ಬೀಳಲಿಲ್ಲ.

"ಗಟ್ಟಿ ಕೈ," ಎಂದರು ಹಿರಿಯರು, ಮೇಲೆ ನೋಡಿ ಗಾಬರಿಯಾಗಿ ಹಿಂದೆ ಸರಿದು. ಮಧ್ಯಾಹ್ನ ಮುಖ್ಯಾಧ್ಯಾಪಿಕೆಯವರು ಕರೆದು, ಕಾಯಂ ಆಯಿತು ಎಂದರು. ಅಪ್ಪಯ್ಯ ಒಬ್ಬರೇ ಬಸ್ಸು ಹತ್ತಿದರು.

ಸಂಜೆ ನಾನು ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಬೆಕ್ಕು ಕೆಳಗಿನ ಮೆಟ್ಟಿಲ ಮೇಲಿತ್ತು. ಇಬ್ಬರ ನಡುವೆ ಒಂದು ಗೇಣು ಅಂತರ. ಅತ್ತೆ ಅದಕ್ಕೆ ಏನೋ ಹೇಳುತ್ತಿದ್ದರು, ನನ್ನನ್ನು ಕಂಡು ನಿಲ್ಲಿಸಿದರು. ಕೆಲಸದ ಸುದ್ದಿ ಹೇಳಿದೆ.

"ಒಳ್ಳೇದಾತು." ಬೆಕ್ಕಿನ ಕಡೆಗೇ ನೋಡುತ್ತ, "ಅಲ್ಲ, ನಿನ್ನೆ ಹಿತ್ತಿಲ ಬಾಗ್ಲಿಗೆ ಆನು ಚಿಲಕ ಹಾಕಿದ್ದೆ ಹೇಳಿ ನೆನಪು ಯಂಗೆ," ಎಂದರು.

ನಾನು ಚಪ್ಪಲಿ ಬಿಡುತ್ತಿದ್ದೆ. ಬಿಡುವುದಕ್ಕೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟೆ. ನಾನು ಮೀಯಲು ಹೋದೆ.

ಮರುದಿನ ಬೆಳಿಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಬೀಬಿಯ ಮನೆಗೆ ಹೋಗಿ ಲಾರಿಯಲ್ಲಿ ಬಂದ ಒಂದು ಖಾಲಿ ಚಹಾ ಪೆಟ್ಟಿಗೆ ಕೇಳಿ ತಂದೆ. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಅದರ ಒಂದು ಬದಿಯ ಹಲಗೆಯನ್ನು ಕತ್ತಿಯಿಂದ ಎಬ್ಬಿಸಿ, ಮೊಳೆಗಳನ್ನು ಬಡಿದು ಮಣಿಸಿ, ಜಗಲಿಯಲ್ಲಿ ಗಾಳಿ ಬಡಿಯದ ಮೂಲೆಗೆ ಇಟ್ಟೆ. ಅತ್ತೆ ಹೊಲಿದಿಟ್ಟಿದ್ದ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಒಳಗೆ ಹಾಸಿದೆ. ಬೆಕ್ಕು ಒಳಗೆ ಹೋಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಒಳಗೆ ಇಡಬೇಕಾಯಿತು. ನಾನು ಅದನ್ನು ಎತ್ತಿದ್ದು ಅದೇ ಮೊದಲು. ನಾನು ತಿಳಿದದ್ದಕ್ಕಿಂತ ಭಾರವಿತ್ತು.

ಒಳಗೆ ಅತ್ತೆ ದೋಸೆ ಎರೆಯುತ್ತಿದ್ದರು. ನಾನು ಅಡುಗೆಮನೆಯ ಹೊಸಿಲ ಹೊರಗೆ ನಿಂತು, ಮೂಗಿನ ಬಟ್ಟೆ ಬಿಚ್ಚಿದೆ.

"ಚಿಲಕ ಆನೇ ತೆಗೆದಿದ್ದೆ ಅತ್ತೆ."

"ಗೊತ್ತಿದ್ದು," ಎಂದರು ಅತ್ತೆ, ಬೆನ್ನು ತಿರುಗಿಸದೆ. "ಬೆಕ್ಕು ಮುಟ್ಕಂಡು ಬಂದ್ಯಲ. ಅಲ್ಲೇ ನಿಲ್ಲಡ, ಮಿಂದ್ಕಂಡು ಬಾ. ದೋಸೆ ಆರ್ತು."

ನಾನು ಬಾವಿಕಟ್ಟೆಗೆ ಹೋಗಿ ಒಂಬತ್ತು ಸಲ ಸೀನಿ, ತಣ್ಣೀರಲ್ಲೇ ಮಿಂದು, ಗಳದ ಮೇಲಿನ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡು ಬಂದು ಎಲೆಯ ಮುಂದೆ ಕೂತೆ.